ಪೂರಕವಿಲ್ಲದ ರೇಡಿಯೋ

ಶಕುಂತಲಾ ಹೊಸಮನಿ ತನ್ನ ತಮ್ಮನಿಗೆ ಮಾತು ಕೊಟ್ಟದ್ದು ಹದಿಮೂರನೆಯ ವಯಸ್ಸಿನಲ್ಲಿ, ಧಾರವಾಡದ ಒಂದು ಕನ್ನಡ ಶಾಲೆಯ ನೀರಿನ ಟಾಕಿಯ ಹಿಂದೆ ನಿಂತು. ತಮ್ಮನಿಗೆ ಆಗ ಒಂಬತ್ತು ವರ್ಷ. ತುಟಿ ಕೂಡಿಸಿ ಶುರು ಮಾಡುವ ಅಕ್ಷರ ಬಂತೆಂದರೆ, ಪ, ಬ, ಮ ಯಾವುದೇ ಇರಲಿ, ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಮಿಕ್ಕ ಅಕ್ಷರಗಳಲ್ಲಿ ಯಾವ ತೊಡಕೂ ಇರಲಿಲ್ಲ. ಇಂಥವನಿಗೆ ಮನೆಯ ಹಿರಿಯರು ಇಟ್ಟ ಹೆಸರು ಮಡಿವಾಳಪ್ಪ. ತನ್ನ ಹೆಸರು ಹೇಳಲು ಅವನಿಗೆ ಅರ್ಧ ನಿಮಿಷ ಬೇಕಾಗುತ್ತಿತ್ತು, ಅಷ್ಟು ಹೊತ್ತು ಕಾಯುವ ಸೌಜನ್ಯ ಊರಲ್ಲಿ ಒಬ್ಬರಿಗೂ ಇರಲಿಲ್ಲ.

ಆವತ್ತು ಶಾಲೆಯ ಕಿಟಕಿಯ ಗಾಜು ಒಡೆದಿತ್ತು. ಹೇಗೆ ಒಡೆಯಿತೆಂದು ಮಾಸ್ತರು ಕೇಳಿದಾಗ ಕಣ್ಣಾರೆ ಕಂಡಿದ್ದ ಮಡಿವಾಳಪ್ಪ ಎದ್ದು ನಿಂತು ತುಟಿ ಬಿಗಿದ. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಮಂಜ್ಯಾ ಅನ್ನಾಕತ್ತಾನ್ರಿ ಸರ್" ಎಂದುಬಿಟ್ಟಳು. ಅದೇ ವರ್ಗದ ಮಂಜ್ಯಾ ಹೊಡೆತ ತಿಂದ. ಸಂಜೆ ಅದನ್ನು ಎರಡು ಪಟ್ಟು ಮಾಡಿ ಮಡಿವಾಳಪ್ಪನಿಗೆ ಹಿಂತಿರುಗಿಸಿದ. ಪಾಪ, ಹುಡುಗ ಹೇಳಹೊರಟಿದ್ದದ್ದು 'ಮಳಿ' ಎಂದು. ಆಲಿಕಲ್ಲು ಬಿದ್ದು ಗಾಜು ಹೋಗಿತ್ತು.

"ಅಕ್ಕಾ, ನಾ ಹೇಳೂದು ನಾನ ಹೇಳ್ತೀನಿ. ನೀ..." ಎಂದು ಅವನು ನಿಂತ. ಒಡೆದ ತುಟಿ ಕೂಡಿ ನಡುಗುತ್ತಿತ್ತು. ಅವಳು ಕಾದಳು. "...ಮುಗಸಬ್ಯಾಡ."

"ಇಲ್ಲೋ ತಮ್ಮಾ. ಆಣಿ ಮಾಡ್ತೀನಿ. ನಿನ್ನ ಮಾತು ನಾ ಇನ್ನ ಎಂದೂ ಮುಗಸೂದಿಲ್ಲ."

"ನಾನೂ ಅಷ್ಟ. ಸರಳ ಆಕ್ಕೈತಿ ಅಂತ ಆ ಶಬ್ದ ತಗದು ಇನ್ನೊಂದು ಹಾಕೂದಿಲ್ಲ."

ಮೂವತ್ತು ವರ್ಷ ಇಬ್ಬರೂ ನಡೆಸಿಕೊಂಡು ಬಂದರು. ಅವನು ಡೀಸೆಲ್ ಎಂಜಿನ್ನಿನ ಮೆಕ್ಯಾನಿಕ್ ಆಗಿ, ಸಮುದ್ರದ ತಳದಿಂದ ಲೋಹದ ಗಂಟುಗಳನ್ನು ಹೆಕ್ಕುವ ಹಡಗೊಂದನ್ನು ಸೇರಿದ. ಅವಳು ಧಾರವಾಡದ ಹೊರಗಿನ ಗುಡ್ಡದ ಮೇಲೆ, ಅಂಥ ಹಡಗುಗಳ ಮಾತು ಕೇಳಿಸಿಕೊಳ್ಳುವ ಕಂಟ್ರೋಲ್ ರೂಮಿನಲ್ಲಿ ತಂತ್ರಜ್ಞೆಯಾದಳು. ಸಮುದ್ರವೇ ಕಾಣದ ಊರಲ್ಲಿ ಸಮುದ್ರದ ಕಂಟ್ರೋಲ್ ರೂಮು ಏಕೆಂದು ಬಂದವರೆಲ್ಲ ನಗುತ್ತಿದ್ದರು. ಶಾರ್ಟ್‌ವೇವ್ ನೇರವಾಗಿ ಹೋಗುವ ಅಲೆಯಲ್ಲ. ಆಕಾಶದ ಮೇಲ್ಪದರಕ್ಕೆ ಬಡಿದು, ನಡುವಿನ ಊರುಗಳನ್ನೆಲ್ಲ ಹಾರಿ, ದೂರದಲ್ಲೆಲ್ಲೋ ಇಳಿಯುತ್ತದೆ. ಮಧ್ಯ ಹಿಂದೂ ಮಹಾಸಾಗರದಿಂದ ಜಿಗಿದದ್ದು ಆ ಗುಡ್ಡದ ಮೇಲೆ ಚೆನ್ನಾಗಿ ಇಳಿಯುತ್ತಿತ್ತು.

ಈ ನಡುವೆ ಲೋಕಕ್ಕೆ ಪೂರಕ ಬಂತು.

ಪೂರಕವೆಂದರೆ ಉಗುರಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪು. ಮಾತಿನ ನಡುವೆ ಗರಗರ ಬಂದು ಎರಡು ಶಬ್ದ ನುಂಗಿಹೋದರೆ, ಅಲ್ಲಿ ಏನಿದ್ದಿರಬಹುದೆಂದು ಲೆಕ್ಕ ಹಾಕಿ, ಮಾತಾಡಿದವನದೇ ಧ್ವನಿಯಲ್ಲಿ ಭರ್ತಿ ಮಾಡುತ್ತಿತ್ತು. ಕೋಟ್ಯಂತರ ಗಂಟೆ ಜನರ ಮಾತು ಕೇಳಿ ಅದು ಕಲಿತದ್ದು ಒಂದೇ ವಿದ್ಯೆ: ಎಲ್ಲರೂ ಸಾಮಾನ್ಯವಾಗಿ ಏನನ್ನುತ್ತಾರೋ ಅದನ್ನೇ ಅನ್ನುವುದು. ಸರ್ಕಾರ ಅದನ್ನು ಪ್ರತಿಯೊಂದು ಫೋನು, ಪ್ರತಿಯೊಂದು ರಿಸೀವರಿನಲ್ಲಿ ಕಡ್ಡಾಯ ಮಾಡಿತು. ಹತ್ತೇ ವರ್ಷದಲ್ಲಿ ಜನ ಗರಗರವನ್ನು ಮರೆತರು. ಶಕುಂತಲಾಳ ಗಂಡ ಸುರಂಗದ ಕೆಲಸದಿಂದ ಫೋನು ಮಾಡಿದರೆ "ಊಟಾ ಮಾಡಿದೇನು? ಭಾಳ ದಣದಿರಬೇಕು ನೀ" ಎಂದು ಕೇಳಿಸುತ್ತಿತ್ತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ಮನುಷ್ಯ ಇಂಥ ಒಂದು ಮಾತು ಆಡಿದವನಲ್ಲ. ಪಕ್ಕದ ಮನೆಯವರಿಗೆ ಇದೇ ಹಿತವಾಗಿತ್ತು. "ನಮ್ಮವರು ಎದುರಿಗಿದ್ದಾಗಿಂತ ಫೋನಿನ್ಯಾಗ ಛಲೋ ಅದಾರವಾ" ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಸುಳ್ಳು ಇಷ್ಟು ಅಗ್ಗವಾಗಿ ಮನೆ ಬಾಗಿಲಿಗೆ ಬಂದರೆ ಯಾರು ತಾನೇ ಬೇಡವೆಂದಾರು?

ಸೂರ್ಯನ ಮೇಲೆ ದೊಡ್ಡ ಸ್ಫೋಟವಾಗಿ ಉಪಗ್ರಹಗಳೆಲ್ಲ ಮೂಕವಾದ ವಾರದಲ್ಲಿ ಮಡಿವಾಳಪ್ಪನ ಹಡಗಿಗೆ ಬೆಂಕಿ ಬಿತ್ತು. ಆ ಸುದ್ದಿ ಬಂದ ಮೇಲೆ ಮೂರು ದಿನ ಏನೂ ಕೇಳಲಿಲ್ಲ. ನಾಲ್ಕನೆಯ ದಿನ, ಆಕಾಶದ ಪದರ ಅಷ್ಟಿಷ್ಟು ಚೇತರಿಸಿಕೊಂಡ ಮೇಲೆ, ಸಂಜೆ ಐದೂವರೆಗೆ ಕಂಟ್ರೋಲ್ ರೂಮಿನ ನಾಲ್ಕೂ ಸ್ಪೀಕರುಗಳಲ್ಲಿ ಒಂದು ಧ್ವನಿ ಬಂತು.

"ನಮಸ್ಕಾರ. ಮಡಿವಾಳಪ್ಪ ಮಾತನಾಡುತ್ತಿದ್ದೇನೆ. ಸಣ್ಣ ದೋಣಿಯಲ್ಲಿ ನಾಲ್ಕು ಜನ ಇದ್ದೇವೆ. ಚೌಕ ನಾಲ್ಕು, ಒಂದು, ಆರು, ಐದರಲ್ಲಿದ್ದೇವೆ. ಎಲ್ಲರೂ ಕ್ಷೇಮ. ಧನ್ಯವಾದಗಳು."

ರೂಮಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಕೇಂದ್ರದ ಮುಖ್ಯಸ್ಥರಾದ ಬಡಿಗೇರ ಸಾಹೇಬರು ಶಕುಂತಲಾಳತ್ತ ತಿರುಗಿ, "ನಿಮ್ಮ ತಮ್ಮ ಅದಾರ ನೋಡ್ರಿ ಮೇಡಮ್ಮಾರ. ಪುಣ್ಯವಂತ್ರು" ಎಂದರು.

"ಧ್ವನಿ ಅವಂದ್ರಿ. ಮಾತು ಅವಂದಲ್ಲ."

"ಅಂದ್ರ?"

"ನನ್ನ ತಮ್ಮ ಹುಟ್ಟಿದಾಗಿನಿಂದ ತನ್ನ ಹೆಸರು ಹಿಂಗ ಸಲೀಸಾಗಿ ಹೇಳಿಲ್ರಿ. ಅಂವಾ ತಡವರಿಸಿ ನಿಂತಲ್ಲೆಲ್ಲ ಈ ಪೂರಕ ಕೈಯಾಡಿಸೈತಿ. ಕೊನೀ ಅಂಕಿ ಅಂವಾ ಹೇಳಿದ್ದೋ, ಇದು ಹೇಳಿದ್ದೋ?"

ಸಾಗರದ ತಳವನ್ನು ಗಂಟು ಹೆಕ್ಕುವ ಕಂಪನಿಯವರು ಚೌಕಗಳಾಗಿ ಹಂಚಿಕೊಂಡಿದ್ದರು. ಚೌಕಕ್ಕೊಂದು ಹಳದಿ ಕಂಬ ತೇಲುತ್ತಿತ್ತು, ಅದರ ಮೈಮೇಲೆ ನಾಲ್ಕಂಕಿಯ ಸಂಖ್ಯೆ. ಕಂಬ ನೋಡಿ ಸಂಖ್ಯೆ ಹೇಳಿದರೆ ತಾವೆಲ್ಲಿದ್ದೇವೆಂದು ತಿಳಿಸಿದಂತೆ. ಆದರೆ ಒಂದು ಚೌಕದಲ್ಲಿ ದೋಣಿಗಾಗಿ ಜಾಲಾಡಲು ಒಂದೂವರೆ ದಿನ ಬೇಕು. ಇವರಿದ್ದ ದೋಣಿಯಲ್ಲಿ ಕುಡಿಯುವ ನೀರು ಎರಡು ದಿನದ್ದು ಮಾತ್ರ ಇದ್ದೀತು. ದೋಣಿಯ ಪ್ರೇಷಕ ಕೈಚಕ್ರ ತಿರುಗಿಸಿ ನಡೆಸುವಂಥದ್ದು. ಅದು ಹೇಳಬಲ್ಲದು, ಕೇಳಲಾರದು. ಇನ್ನೊಮ್ಮೆ ಹೇಳು ಎಂದು ಇಲ್ಲಿಂದ ಕೂಗಿ ಪ್ರಯೋಜನವಿರಲಿಲ್ಲ.

"ನಾಲ್ಕೂ ರಿಸೀವರು ಐದು ಅಂತಾವ್ರಿ" ಎಂದರು ಬಡಿಗೇರರು. "ತೊಂಬತ್ನಾಕು ಪರ್ಸೆಂಟ್ ಖಾತ್ರಿ ತೋರಸಾಕತ್ತೈತಿ."

"ನಾಲ್ಕರಾಗೂ ಇರಾವ ಒಬ್ಬನ ಮೂರ್ಖ ಅಲ್ರಿ ಸಾಹೇಬ್ರ. ಹೋದ ತಿಂಗಳೆಲ್ಲ ಅವರ ಹಡಗು ಆರರ ಮುಂದ ಐದು, ಆರರ ಮುಂದ ಐದು ಅಂತ ವರದಿ ಕಳಿಸೈತಿ. ಇದು ಅದನ್ನ ಗಿಳಿ ಹಂಗ ಒದರತೈತಿ."

ಬಡಿಗೇರರು ಕೆಟ್ಟವರಲ್ಲ; ಯಂತ್ರ ಹೇಳಿದ್ದಕ್ಕೆ ಸಹಿ ಹಾಕಿದರೆ ತಪ್ಪು ತಮ್ಮ ತಲೆಗೆ ಬರುವುದಿಲ್ಲವೆಂದು ಇಪ್ಪತ್ತು ವರ್ಷದ ನೌಕರಿಯಲ್ಲಿ ಕಲಿತವರು. ತಲೆ ಕೆರೆದುಕೊಂಡು ಕೊನೆಗೆ ಒಪ್ಪಿದರು. ರಕ್ಷಣಾ ಹಡಗು ಆ ಸಾಲಿನ ಚೌಕಗಳ ಹತ್ತಿರ ಬರಲು ಹೇಗೂ ಒಂದು ದಿನ ಬೇಕು. ಮಡಿವಾಳಪ್ಪ ನಾಳೆಯೂ ಇದೇ ಹೊತ್ತಿಗೆ ಮಾತಾಡಿಯಾನು. ನಾಳೆ ಸಂಜೆ ಆರೂವರೆಯವರೆಗೆ ಬೇರೆ ಅಂಕಿ ಸಿಕ್ಕರೆ ಸರಿ, ಇಲ್ಲವಾದರೆ ಐದು.

ಕೇಂದ್ರದ ರಿಸೀವರುಗಳಿಂದ ಚಿಪ್ಪು ಕಿತ್ತರೆ ಅವು ನಡೆಯುತ್ತಲೇ ಇರಲಿಲ್ಲ. ಪೂರಕವಿಲ್ಲದ ಒಂದೇ ಒಂದು ಶಾರ್ಟ್‌ವೇವ್ ರೇಡಿಯೋ ಬೇಕಿತ್ತು. ಅಂಥವು ಇಡೀ ಜಿಲ್ಲೆಯಲ್ಲಿ ಉಳಿದಿದ್ದದ್ದು ಒಂದೇ ಕಡೆ: ಹುಬ್ಬಳ್ಳಿಯ ಪ್ರಾಚೀನ ರೇಡಿಯೋ ಸಂಗ್ರಾಹಕರ ಬಳಗದ ಅಧ್ಯಕ್ಷ ಅರವಿಂದ ದೇಸಾಯಿಯವರ ಬಂಗಲೆಯಲ್ಲಿ.

ಮರುದಿನ ಬೆಳಿಗ್ಗೆ ಮಗಳ ಡಬ್ಬಿ ಕಟ್ಟಿ ಶಾಲೆಗೆ ಕಳಿಸಿ ಶಕುಂತಲಾ ಅಲ್ಲಿಗೆ ಹೋದಳು. ಎರಡು ಕೋಣೆಗಳ ಗೋಡೆ ತುಂಬ ಗಾಜಿನ ಕಪಾಟು, ಒಳಗೆ ಎಂಬತ್ತನಾಲ್ಕು ಪೋರ್ಟಬಲ್ ರೇಡಿಯೋಗಳು. ಚರ್ಮದ ಚೀಲದವು, ತೇಗದ ಮೈಯವು, ಮುಚ್ಚಳ ತೆರೆದರೆ ಒಳಗೆ ಲೋಕದ ನಕಾಶೆ ಕಾಣುವವು. ಪ್ರತಿಯೊಂದರ ಮುಂದೆ ಹುಟ್ಟಿದ ವರ್ಷ, ಸೀರಿಯಲ್ ನಂಬರು, ಹಿಂದಿನ ಒಡೆಯನ ಹೆಸರು. ಎಂಬತ್ತನಾಲ್ಕರ ಮುಳ್ಳುಗಳೂ ನಲವತ್ತೊಂದು ಮೀಟರಿನ ಗೆರೆಯ ಮೇಲೆ ನೇರವಾಗಿ ನಿಂತಿದ್ದವು, ಕವಾಯತಿಗೆ ನಿಂತ ಪೊಲೀಸರಂತೆ.

"ನೋಡಾಕ ಛಂದ ಕಾಣಸ್ತೈತಿ ಅಂತ ಎಲ್ಲಾದೂ ಒಂದ ಕಡೆ ಇಟ್ಟೇವಿ" ಎಂದರು ದೇಸಾಯರು. ಬಿಳಿ ಹತ್ತಿ ಕೈಗವಸು ಹಾಕಿಕೊಂಡಿದ್ದರು. "ಮುಟ್ಟಬ್ಯಾಡ್ರೀ ತಂಗೀ. ಕೈ ಬೆವರು ಹತ್ತತೈತಿ."

ಅವಳು ವಿಷಯ ಹೇಳಿದಳು. ದೇಸಾಯರ ಎದೆ ಉಬ್ಬಿತು. "ಇದ ನೋಡ್ರಿ! ಹಳೇದಕ್ಕ ಕಿಮ್ಮತ್ತು ಬಂದ ಬರತೈತಿ ಅಂತ ನಾ ಬಳಗದಾಗ ಯಾವತ್ತೂ ಹೇಳ್ತಿದ್ದೆ. ಯಾವುದು ಬೇಕು ಹೇಳ್ರಿ. ಇದು ಜರ್ಮನಿದು. ಇದು ಒಬ್ಬ ಮಹಾರಾಜನ ಕುದುರಿ ಲಾಯದಾಗ ಇತ್ತು."

"ಯಾವುದಾದ್ರೂ ಆತ್ರಿ. ಸೆಲ್ ಹಾಕಿ ಹಚ್ಚಿ ತೋರಸ್ರಿ."

ದೇಸಾಯರು ಅವಳನ್ನು ನೋಡಿದ ರೀತಿ, ದೇವರ ಮೂರ್ತಿಯ ಕೈಗೆ ಪೊರಕೆ ಕೊಡಿ ಎಂದಿದ್ದಳೇನೋ ಎಂಬಂತಿತ್ತು.

"ಸೆಲ್? ಸೆಲ್ ಹಾಕೂದಿಲ್ರೀ. ಅದು ಸೋರಿ ತಗಡಿಗೆ ಕಿಲುಬು ಹಿಡಸ್ತೈತಿ. ಬಳಗದ ಮೊದಲನೇ ನಿಯಮ ಅದು. ಇವು ಹಚ್ಚಾವಲ್ಲ, ಇಡಾವು."

ಅವಳು ತನ್ನ ಚೀಲದಿಂದ ಟಾರ್ಚಿನ ಸೆಲ್ಲು ತೆಗೆದು, ಅವರ ಹಾ ಹೋ ಲೆಕ್ಕಿಸದೆ ಜರ್ಮನಿಯದಕ್ಕೆ ತುರುಕಿದಳು. ಸ್ವಿಚ್ಚು ಹಾಕಿದೊಡನೆ ಹಳೆಯ ಚಿತ್ರಗೀತೆ ತಿಳಿಯಾಗಿ ಮೊಳಗಿತು. ಹಿಂದಿನ ಮುಚ್ಚಳ ಬಿಚ್ಚಿದರೆ, ಹಳೆಯ ಹೊಟ್ಟೆ ಖಾಲಿ. ಅಲ್ಲೊಂದು ಪೂರಕದ ಚಿಪ್ಪು ಅಂಟಿಸಿದ್ದರು, ಹಾಡು ಅದರದೇ.

"ಪ್ರದರ್ಶನಕ್ಕ ಒಯ್ದಾಗ ಗರಗರ ಅಂದ್ರ ಜನ ನಿಲ್ಲೂದಿಲ್ರೀ" ಎಂದರು ದೇಸಾಯರು, ಮೊದಲ ಸಲ ತುಸು ತಗ್ಗಿದ ದನಿಯಲ್ಲಿ. "ಅದಕ್ಕ ಹದಿನೈದರಾಗ ಹಂಗ ಮಾಡೇವಿ. ಉಳಿದವು ಅಸಲಿ. ಅಪ್ಪಟ ಅಸಲಿ."

ಅಸಲಿಯದೊಂದನ್ನು ತೆಗೆದಳು. ಮುಳ್ಳು ತಿರುಗಿಸುವ ಗುಬ್ಬಿ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಒಳಗೆ ಗ್ಯಾಂಗ್ ಇರುತ್ತದೆ, ಒಂದರೊಳಗೊಂದು ಸರಿಯುವ ಅಲ್ಯೂಮಿನಿಯಂ ಎಲೆಗಳ ಗೊಂಚಲು. ಅದು ತಿರುಗಿದರಷ್ಟೇ ಬೇರೆ ಬೇರೆ ಸ್ಟೇಷನ್ನು ಸಿಗುವುದು, ಮಡಿವಾಳಪ್ಪನ ಅಲೆ ಬರುವುದು ನಲವತ್ತೊಂದು ಮೀಟರಿನಲ್ಲಲ್ಲ. ಆ ಎಲೆಗಳೆಲ್ಲ ವಾರ್ನಿಶಿನಲ್ಲಿ ಅದ್ದಿ ತೆಗೆದ ಸಂಡಿಗೆಯಂತೆ ಒಂದಕ್ಕೊಂದು ಅಂಟಿ ಮಿಂಚುತ್ತಿದ್ದವು.

"ಇದನ್ನ ಯಾರು ಮಾಡಿದ್ರಿ?"

"ಹೋದ ದೀಪಾವಳಿಗೆ ಎಲ್ಲಾ ಸದಸ್ಯರೂ ಕೂಡಿ ಎಲ್ಲಾ ಅಸಲಿ ಸೆಟ್ಟಿಗೂ ಹೊಡದೇವ್ರಿ. ಗಾಳಿ ಹತ್ತಿ ಮಸುಕಾಗಬಾರದು ಅಂತ. ಮುಳ್ಳೂ ಸರಿಯೂದಿಲ್ಲ, ಸಾಲು ಕೆಡೂದಿಲ್ಲ."

ಶಕುಂತಲಾ ನೆಲದ ಮೇಲೆ ಕೂತುಬಿಟ್ಟಳು. ಕಳ್ಳರು ನುಗ್ಗಿದ್ದರೂ ನಾಲ್ಕಾರು ಉಳಿಸಿ ಹೋಗುತ್ತಿದ್ದರು. ಈ ರಸಿಕರು ಪ್ರೀತಿಯಿಂದ, ಒಂದನ್ನೂ ಬಿಡದೆ, ಎಂಬತ್ತನಾಲ್ಕರ ಕತ್ತನ್ನೂ ಹಿಚುಕಿದ್ದರು. ಲೋಕದ ಮೂಲೆಮೂಲೆಯ ಮಾತು ಹಿಡಿಯಲೆಂದು ಹುಟ್ಟಿದ ಪೆಟ್ಟಿಗೆಗಳನ್ನು ಶೃಂಗರಿಸಿದ ಹೆಣಗಳನ್ನಾಗಿ ಮಾಡಿ, ತಿಂಗಳಿಗೊಮ್ಮೆ ಸೇರಿ ಚಹಾ ಕುಡಿದು ಅವುಗಳ ಸೀರಿಯಲ್ ನಂಬರು ಓದುತ್ತಿದ್ದರು.

ಅಷ್ಟರಲ್ಲಿ ಒಳಗಿನಿಂದ ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು ಕೇಳಿತು. ಗರ್ರರ್ರರ್.

ಅವಳು ಎದ್ದು ಆ ಸದ್ದಿನ ಹಿಂದೆಯೇ ಅಡುಗೆಮನೆಗೆ ನಡೆದಳು. ದೇಸಾಯರ ಹೆಂಡತಿ ಸುಮಿತ್ರಾಬಾಯಿ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಡಬ್ಬಿಯ ಪಕ್ಕ ರಬ್ಬರು ಬ್ಯಾಂಡು ಸುತ್ತಿದ, ಮೂಲೆ ಮುರಿದ, ಎಣ್ಣೆಜಿಡ್ಡು ಹಿಡಿದ ಒಂದು ರೇಡಿಯೋ ಗರಗರ ಅನ್ನುತ್ತಿತ್ತು.

"ಅದು ಬೆರಕಿ" ಎಂದರು ಹಿಂದೆಯೇ ಬಂದ ದೇಸಾಯರು, ಮುಖ ಸಿಂಡರಿಸಿ. "ಮೈ ಒಂದರದು, ಒಳಗಿನ ಸಾಮಾನು ಇನ್ನೊಂದರದು. ಬಳಗದಾಗ ಅದನ್ನ ರೇಡಿಯೋ ಅಂತನ ಅನ್ನೂದಿಲ್ಲ."

"ಅಮ್ಮಾರ, ಇದರಾಗ ಏನ ಕೇಳ್ತೀರಿ? ಹಾಡು ಹಾಕಾವ ಯಾವ ಸ್ಟೇಷನ್ನೂ ಉಳಿದಿಲ್ಲಲ್ರಿ?"

"ಏನೂ ಕೇಳೂದಿಲ್ಲವಾ" ಎಂದರು ಸುಮಿತ್ರಾಬಾಯಿ, ರೊಟ್ಟಿ ತಿರುವುತ್ತ. "ಇದನ್ನ ಹಚ್ಚಿದ್ರ ಹೊರಗ ಇವರು ಮಾತಾಡೂದು ಕೇಳಸೂದಿಲ್ಲ. ಅದಕ್ಕ ಇಟ್ಟೇನಿ. ಬೇಕಾಗಿದ್ರ ಒಯ್ಯಿ. ನಾಲ್ಕು ದಿನ ತಡಕೋತೀನಿ."

"ಒಯ್ಯಿರಿ, ಒಯ್ಯಿರಿ" ಎಂದು ದೇಸಾಯರು ಉದಾರವಾಗಿ ಕೈ ಬೀಸಿದರು. "ಅದಕ್ಕೇನೂ ಕಿಮ್ಮತ್ತಿಲ್ಲ."

ಶಕುಂತಲಾ ಮನೆಗೆ ಬಂದಾಗ ಹತ್ತು ವರ್ಷದ ಮಗಳು ಸಾಕ್ಷಿ ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದಳು. ಅವಳಿಗೆ ಬಡಿಸಿ, ಸಿಂಕಿನ ಪಾತ್ರೆ ಹಾಗೇ ಬಿಟ್ಟು, ಊಟದ ಮೇಜಿನ ಮೇಲೆ ರೇಡಿಯೋ ಬಿಚ್ಚಿ ಗ್ಯಾಂಗಿಗೆ ಬ್ರಶ್ಶು ಆಡಿಸಿದಳು. ಮತ್ತೆ ಹಚ್ಚಿದಾಗ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು.

"ಮಮ್ಮೀ, ಬಂದ್ ಮಾಡು! ಅದು ಕೆಟ್ಟೈತಿ."

"ಕೆಟ್ಟಿಲ್ಲ. ಅದು ಆಕಾಶದ ಸಪ್ಪಳ. ತಡಿ, ಮುಳ್ಳು ಸರಸ್ತೀನಿ. ಈಗೇನ ಕೇಳ್ತು?"

ಒಂದು ಕಡೆ ಗರಗರ ಒಮ್ಮೆಲೆ ತಗ್ಗಿತು, ಗದ್ದಲದ ವರ್ಗಕ್ಕೆ ಮಾಸ್ತರು ಕಾಲಿಟ್ಟ ಹಾಗೆ. ಮಾತಿಲ್ಲ, ಹಾಡಿಲ್ಲ. ಮುಳ್ಳು ಕೂದಲೆಳೆ ಸರಿದರೆ ಮತ್ತೆ ಗರಗರ.

"ಅಲ್ಲಿ ಏನೂ ಇಲ್ಲ" ಎಂದಳು ಸಾಕ್ಷಿ.

"ಐತಿ. ಎಲ್ಲೋ ಒಂದು ಸ್ಟೇಷನ್ನು ಚಾಲೂ ಐತಿ, ಆದ್ರ ಯಾರೂ ಮಾತಾಡವಲ್ರು. ಅಲೆ ಬಂದಾಗ ಗರಗರ ಕುಗ್ಗತೈತಿ. ಅಲೆ ಹೋತಂದ್ರ ಏಳತೈತಿ. ಯಾರೂ ಇಲ್ಲದ್ದು ಬ್ಯಾರೆ, ಇದ್ದು ಸುಮ್ಮನಿರೂದು ಬ್ಯಾರೆ. ನಮ್ಮ ಫೋನಿಗೆ ಎರಡೂ ಒಂದ. ಸುಮ್ಮನಾದ್ರ ಸಾಕು, ತಾನ ಬಾಯಿ ಹಾಕತೈತಿ."

"ಮಾಮಾ ಸುಮ್ಮನಾದ್ರ ಇದರಾಗ ಗೊತ್ತಾಗತೈತಿ?"

"ಗೊತ್ತಾಗತೈತಿ."

ಸಂಜೆ ಐದಕ್ಕೆ ಆ ಜಿಡ್ಡಿನ ಪೆಟ್ಟಿಗೆಯನ್ನು ಕಂಟ್ರೋಲ್ ರೂಮಿನ ಹೊಳೆಯುವ ಮೇಜಿನ ಮೇಲಿಟ್ಟಾಗ ಎಳೆಯ ಎಂಜಿನಿಯರುಗಳು ಮುಸಿಮುಸಿ ನಕ್ಕರು. ಒಬ್ಬ ಮೂಗು ಮುಚ್ಚಿಕೊಂಡ. ಒಗ್ಗರಣೆಯ ವಾಸನೆ ಬರುತ್ತಿತ್ತು. ಶಕುಂತಲಾ ಗುಡ್ಡದ ಮೇಲಿನ ದೊಡ್ಡ ಆಂಟೆನಾದ ತಂತಿಯನ್ನು ಅದರ ಏರಿಯಲ್ ಕೋಲಿಗೆ ಸುತ್ತಿ, ಪೂರಕದ ಸ್ಪೀಕರುಗಳನ್ನೆಲ್ಲ ಬಂದ್ ಮಾಡಿಸಿದಳು.

ಐದೂವರೆ ದಾಟಿ ಎರಡು ನಿಮಿಷಕ್ಕೆ ಗರಗರ ಕುಗ್ಗಿತು.

"ಅಕ್ಕಾ." ಚಕ್ರ ತಿರುಗಿಸುವ ಏದುಸಿರು ಕೇಳಿಸುತ್ತಿತ್ತು. "ಅಕ್ಕಾ, ನೀ ಕೇಳ್ತಿರಬೇಕು. ಇಲ್ಲಿ ಉಳಿದಾರಿಗೆ ಎಚ್ಚರಿಲ್ಲ. ನೀರು ಇವತ್ತಿಂದು ಅಷ್ಟ. ಕಂಬ ಕಾಣಾಕತ್ತೈತಿ. ನಾಕು. ಒಂದು. ಆರು."

ನಿಂತಿತು.

"ಹೋತಲ್ರಿ" ಎಂದರು ಬಡಿಗೇರರು. "ಲೈನ್ ಕಟ್ ಆತು."

"ಕಟ್ ಆಗಿಲ್ರಿ. ಗರಗರ ಎದ್ದಿಲ್ಲ ನೋಡ್ರಿ. ಅಂವಾ ಅಲ್ಲೇ ಅದಾನ. ಸುಮ್ಮನ ಇರ್ರಿ."

ಹತ್ತು ಸೆಕೆಂಡು. ಇಪ್ಪತ್ತು. ಆ ತಗ್ಗಿದ ಸದ್ದಿನೊಳಗೆ ತಮ್ಮನ ಬಿಗಿದ ತುಟಿ ಅವಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಮೂವತ್ತೈದನೆಯ ಸೆಕೆಂಡಿಗೆ ಅವನ ಕೈ ಸೋತು ಚಕ್ರ ನಿಂತಿರಬೇಕು. ಗರಗರ ಭುಸ್ಸೆಂದು ಎದ್ದಿತು.

ಐದು ನಿಮಿಷದ ಮೇಲೆ ಮತ್ತೆ ಬಂದ. ನಾಕು, ಒಂದು, ಆರು, ಮತ್ತೆ ಅದೇ ಗೋಡೆ. ಈ ಸಲ ಇಪ್ಪತ್ತೇ ಸೆಕೆಂಡು ಚಕ್ರ ತಿರುಗಿಸಿದ. ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಕತ್ತಲಾದರೆ ಆಕಾಶದ ಪದರ ತೆಳುವಾಗಿ ಅಲೆ ಇಳಿಯುವ ಜಾಗವೇ ಬದಲಾಗುತ್ತದೆ. 'ಹಟಮಾರಿ' ಎಂದು ಅವಳು ಒಳಗೊಳಗೇ ಬೈದಳು. 'ಮೂರು ಜೀವ ಕಾಲ ಬುಡಕ ಬಿದ್ದಾವ. ಇಂಗ್ಲಿಷಿನ್ಯಾಗ ಹೇಳೋ. ಬೆರಳೀಲೆ ಮೈಕ್ ತಟ್ಟಿ ಎಣಸೋ. ಒಂಬತ್ತು ವರ್ಷದವ ಇದ್ದಾಗ ಆಡಿದ ಮಾತು ಕಟಗೊಂಡು ಕುಂತೀಯಲ್ಲೋ.' ರೇಡಿಯೋಗಳಿಗೆ ವಾರ್ನಿಶು ಬಳಿದ ಆ ಮುದುಕನಿಗೂ, ಒಂದು ಹಳೆಯ ಆಣೆಗೆ ಮೂವತ್ತು ವರ್ಷ ವಾರ್ನಿಶು ಬಳಿಯುತ್ತ ಕೂತ ತಮಗಿಬ್ಬರಿಗೂ ಏನು ವ್ಯತ್ಯಾಸವೆಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆರೂ ಇಪ್ಪತ್ತಕ್ಕೆ ಗರಗರ ಕೊನೆಯ ಸಲ ಕುಗ್ಗಿತು. ಧ್ವನಿ ಬಾವಿಯ ತಳದಿಂದ ಬಂದಂತಿತ್ತು.

"ನಾಕು. ಒಂದು. ಆರು." ಹನ್ನೆರಡು ಸೆಕೆಂಡು ಮೌನ. ಆಮೇಲೆ ಸಿಟ್ಟಿನಿಂದ, ಸೋತವನ ಹಾಗೆ, ಥಟ್ಟನೆ: "ಎರಡು ಆದ..."

ಅಲೆ ಮುಳುಗಿತು. ಗರಗರವೊಂದೇ ಉಳಿಯಿತು.

"ಎರಡು!" ಬಡಿಗೇರರು ಎದ್ದು ನಿಂತರು. "ಎರಡು ಅಂದ್ರು. ನನ್ನ ಕಿವೀಲೆ ಕೇಳೇನಿ. ಕಳಸ್ರಿ, ನಾಕು ಒಂದು ಆರು ಎರಡು."

"ಎರಡು ಇದ್ದಿದ್ರ ಅಂವಾ ಮೊದಲನೇ ಸಲಕ್ಕ ಹೇಳಿರ್ತಿದ್ದ್ರಿ."

"ಮತ್ತೇನು?"

"ಸೊನ್ನೀಯಿಂದ ಒಂಬತ್ತರ ತನಕ ಎಣಸ್ರಿ ಸಾಹೇಬ್ರ, ಬಾಯಿ ಬಿಟ್ಟು. ತುಟಿ ಕೂಡಿಸಿ ಶುರು ಮಾಡೂದು ಒಂದ ಒಂದು ಐತಿ. ಉಳಿದ ಯಾವುದಕ್ಕೂ ಅಂವಾ ನಿಲ್ಲಾವಲ್ಲ. ಅದು ಬರಲಿಲ್ಲ ಅಂತ ಕಡೀಕ ಸುತ್ತು ಹಾಕಿ ಹೇಳಾಕ ಹೊಂಟಿದ್ದ. ಎರಡು ಆದ ನಂತರದ್ದು ಅಂತ."

"ಇದು ನಿಮ್ಮ ಅಂದಾಜು ಆತಲ್ರಿ ಮೇಡಮ್ಮಾರ. ಪೂರಕಾನೂ ಇದನ್ನ ಮಾಡತೈತಿ ಅಂತ ನಿನ್ನೆಯಿಂದ ಒದರಾಕತ್ತೀರಿ."

ಗಡಿಯಾರ ಆರೂ ಇಪ್ಪತ್ತೇಳು ತೋರಿಸುತ್ತಿತ್ತು. ಬಡಿಗೇರರು ಒಂದು ಕ್ಷಣ ಅವಳನ್ನೂ ಆ ಜಿಡ್ಡಿನ ಪೆಟ್ಟಿಗೆಯನ್ನೂ ನೋಡಿ ಕುರ್ಚಿ ಬಿಟ್ಟು ಸರಿದರು. "ನಿಮ್ಮ ಸಹಿ ಹಾಕ್ರಿ ಮತ್ತ" ಎಂದರು. ಶಕುಂತಲಾ ಕೂತು, ರಕ್ಷಣಾ ಹಡಗಿಗೆ ಹೋಗುವ ಸಂದೇಶದಲ್ಲಿ ನಾಲ್ಕು, ಒಂದು, ಆರು ಒತ್ತಿದಳು. ಆಮೇಲೆ ತಮ್ಮ ಹೇಳಲಾಗದೆ ಬಿಟ್ಟ ಮೂರನ್ನು ತಾನೇ ಬಾಯಿಬಿಟ್ಟು ಹೇಳಿ, ಒತ್ತಿ, ಕೆಳಗೆ ಸಹಿ ಮಾಡಿದಳು.

ಮರುದಿನ ಮಧ್ಯಾಹ್ನ ೪೧೬೩ನೆಯ ಚೌಕದಲ್ಲಿ ದೋಣಿ ಸಿಕ್ಕಿತು. ನಾಲ್ವರಲ್ಲಿ ಮೂವರು ಬದುಕಿದ್ದರು, ಅವರಲ್ಲಿ ಮಡಿವಾಳಪ್ಪನೂ ಒಬ್ಬ. ಪೂರಕ ತಂತ್ರಜ್ಞಾನದ ನೆರವಿನಿಂದ ರಕ್ಷಣೆ ಯಶಸ್ವಿಯಾಯಿತೆಂದು ಇಲಾಖೆ ಪತ್ರಿಕೆಗಳಿಗೆ ಪ್ರಕಟಣೆ ಕೊಟ್ಟಿತು. ಶಕುಂತಲಾ ತಮ್ಮನ ಮಾತು ಮುಗಿಸಿದ್ದಳು. ನೀರಿನ ಟಾಕಿಯ ಹಿಂದೆ ಕೊಟ್ಟ ಮಾತು ಮುರಿದಿತ್ತು.